ಸ್ಕೈರಿಮ್ ಮೈ ಪಡೆದ ಬಗೆ

ವರ್ಚುವಲ್ ರಿಯಾಲಿಟಿ ಆಟಗಳಿಗೆ ಮಾಡ್ ಹಾಕುವ ಕೆಲಸದ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಮಾಡ್ ಅಂದರೆ, ಆಟ ತಯಾರಿಸಿದ ಕಂಪನಿಯವರಲ್ಲ, ಅದನ್ನು ಆಡುವವರೇ ಬರೆದು ಆಟದೊಳಗೆ ಸೇರಿಸುವ ತಿದ್ದುಪಡಿ. ಹತ್ತಾರು ಆಟಗಳ ಹೆಸರು ಹೇಳುತ್ತ ಹೋದರೆ ಯಾವುದರ ಒಳಹೊಕ್ಕೂ ನೋಡಿದಂತಾಗುವುದಿಲ್ಲ. ಆದ್ದರಿಂದ ಒಂದೇ ಆಟವನ್ನು ಹಿಡಿದುಕೊಳ್ಳುತ್ತೇನೆ. ಅದರ ಹೆಸರು ಸ್ಕೈರಿಮ್ ವಿ.ಆರ್. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಂಪನಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಆಟಗಾರರು ತಾವಾಗಿ ಮುಂದೆ ಬಂದು ಪೂರ್ತಿಮಾಡಿದ್ದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಮೂಲ ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಅದನ್ನು ತಯಾರಿಸಿತು. ಹಿಮ ಮುಚ್ಚಿದ ಬೆಟ್ಟಗಳು, ಪಾಳುಬಿದ್ದ ಗೋರಿಗಳು, ಊರೂರು ಸುಡುವ ಡ್ರ್ಯಾಗನ್‌ಗಳು. ಆಟಗಾರ ಎಲ್ಲಿ ಬೇಕಾದರೂ ನಡೆದುಹೋಗಬಹುದಾದ ದೊಡ್ಡ ಲೋಕ. ಪರದೆಯ ಮುಂದೆ ಕೂತು ಆಡಲೆಂದು ಕಟ್ಟಿದ ಈ ಲೋಕವನ್ನು 2017ರ ನವೆಂಬರಿನಲ್ಲಿ ಪ್ಲೇಸ್ಟೇಷನ್‌ನ ವಿ.ಆರ್. ಹೆಡ್‌ಸೆಟ್ಟಿಗೂ, 2018ರ ಏಪ್ರಿಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸುವ ಹೆಡ್‌ಸೆಟ್ಟುಗಳಿಗೂ ತಂದರು. ನಾನಿಲ್ಲಿ ಹೇಳುವುದೆಲ್ಲ ಕಂಪ್ಯೂಟರಿನ ಆವೃತ್ತಿಯ ಮಾತು.

ಹೆಡ್‌ಸೆಟ್ ಹಾಕಿಕೊಂಡು ತಲೆಯೆತ್ತಿದರೆ ಡ್ರ್ಯಾಗನ್ ನಿಜಕ್ಕೂ ನೆತ್ತಿಯ ಮೇಲೆಯೇ ಹಾರುತ್ತದೆ. ಬೆಟ್ಟದ ಎತ್ತರ ಕುತ್ತಿಗೆಗೆ ಗೊತ್ತಾಗುತ್ತದೆ. ಆದರೆ ತಲೆ ಬಗ್ಗಿಸಿ ಕೆಳಗೆ ನೋಡಿದರೆ ನಿಮಗೆ ಮೈಯೇ ಇಲ್ಲ. ಎದೆಯಿಲ್ಲ, ಕಾಲಿಲ್ಲ. ಎರಡು ಕೈಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ. ಮೇಜಿನ ಮೇಲೆ ಸೇಬಿದೆ ಅಂತ ಕೈಚಾಚಿದರೆ ಬೆರಳುಗಳು ಅದನ್ನು ಸುತ್ತಿ ಹಿಡಿಯುವುದಿಲ್ಲ; ಗುಂಡಿ ಒತ್ತಿದಾಗ ಸೇಬು ಮಾಯವಾಗಿ ನಿಮ್ಮ ಚೀಲದ ಪಟ್ಟಿಯಲ್ಲಿ ಒಂದು ಹೆಸರಾಗುತ್ತದೆ. ಕತ್ತಿ ಬೀಸಿದರೆ ಅದು ಎದುರಾಳಿಯ ಮೈಯೊಳಗಿಂದ ತಡೆಯೇ ಇಲ್ಲದೆ ಹಾದುಹೋಗುತ್ತದೆ. ಲೋಕ ಪೂರ್ತಿ ಇದೆ, ಅದರಲ್ಲಿ ನಿಂತಿರುವವನು ಮಾತ್ರ ಇಲ್ಲ. ಆರಂಭದ ಕೆಲವು ತಿದ್ದುಪಡಿಗಳ ನಂತರ ಆಟ 1.4.15 ಎಂಬ ಆವೃತ್ತಿಯಲ್ಲಿ ನಿಂತುಬಿಟ್ಟಿತು. ಕಂಪನಿ ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಕೊಂಡವರಿಗೆ ಇದು ನಿರಾಸೆಯ ವಿಷಯವೇ. ಆದರೆ ಮಾಡ್ ಬರೆಯುವವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆಟ ಬದಲಾದಾಗಲೆಲ್ಲ, ಅದರ ಒಳಗೆ ಯಾವ ಭಾಗ ಎಲ್ಲಿದೆ ಎಂದು ಹೇಳುವ ವಿಳಾಸಗಳು ಬದಲಾಗುತ್ತವೆ. ಆ ವಿಳಾಸಗಳನ್ನು ನಂಬಿ ಬರೆದ ಮಾಡ್‌ಗಳು ಕೆಡುತ್ತವೆ. 2021ರ ನವೆಂಬರ್ 11ರಂದು, ಸ್ಕೈರಿಮ್‌ಗೆ ಹತ್ತು ವರ್ಷ ತುಂಬಿದ ದಿನ, ಮಾಮೂಲಿ ಪರದೆಯ ಆವೃತ್ತಿಗೆ ದೊಡ್ಡ ಅಪ್‌ಡೇಟ್ ಬಂತು. ಒಳಹೊಕ್ಕು ಕೆಲಸಮಾಡುವ ಎಷ್ಟೋ ಮಾಡ್‌ಗಳು ಅವತ್ತು ನಿಂತುಹೋದವು, ಬರೆದವರು ಮತ್ತೆ ಕೂತು ತಿದ್ದಬೇಕಾಯಿತು. ವಿ.ಆರ್. ಆವೃತ್ತಿಯನ್ನು ಆ ಗಾಳಿ ಸೋಕಲೂ ಇಲ್ಲ. ಪ್ರಾಗ್ ನಗರದಲ್ಲಿ ಹುಟ್ಟಿದ, ಹಾಡಿನ ತಾಳಕ್ಕೆ ಸರಿಯಾಗಿ ಚೌಕಗಳನ್ನು ಕತ್ತರಿಸುವ ಬೀಟ್ ಸೇಬರ್ ಎಂಬ ಆಟವನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದಕ್ಕೆ ಅಪ್‌ಡೇಟ್ ಬಂದಾಗಲೆಲ್ಲ ಮಾಡ್‌ಗಳು ಕೈಕೊಡುವುದರಿಂದ ಎಷ್ಟೋ ಜನ ಬೇಕೆಂದೇ ಹಳೆಯ ಆವೃತ್ತಿಯಲ್ಲಿ ಉಳಿದಿರುತ್ತಾರೆ. ಸ್ಕೈರಿಮ್ ವಿ.ಆರ್. ಆಡುವವರಿಗೆ ಆ ಕಷ್ಟವಿಲ್ಲ. ಅವರ ಕಾಲಡಿಯ ನೆಲ ಅಲುಗುವುದಿಲ್ಲ.

ಬೆಥೆಸ್ಡಾದ ಆಟಗಳಲ್ಲಿ ಆಡುವವರೇ ಮಾಡ್ ಬರೆಯುವ ಸಂಪ್ರದಾಯ ಹಳೆಯದು. 2002ರಲ್ಲಿ ಮಾರೋವಿಂಡ್ ಎಂಬ ಆಟ ಕಂಪ್ಯೂಟರಿಗೆ ಬಂದಾಗ, ಆಟದ ಲೋಕವನ್ನು ಬೇಕಾದಂತೆ ಬದಲಾಯಿಸುವ ಸಲಕರಣೆಯನ್ನೂ ಕಂಪನಿಯೇ ಜೊತೆಗೆ ಕೊಟ್ಟಿತ್ತು. ಸ್ಕೈರಿಮ್‌ಗೆ ಅಂಥದೇ ಸಲಕರಣೆ 2012ರ ಫೆಬ್ರವರಿಯಲ್ಲಿ ಸಿಕ್ಕಿತು. ಜನ ಬರೆದದ್ದನ್ನೆಲ್ಲ ಕೂಡಿಡುವ ದೊಡ್ಡ ಭಂಡಾರವೊಂದಿದೆ, ನೆಕ್ಸಸ್ ಮಾಡ್ಸ್ ಅಂತ. ಇಂಗ್ಲೆಂಡಿನ ರಾಬಿನ್ ಸ್ಕಾಟ್ ಎಂಬವರು 2001ರಲ್ಲಿ ಚಿಕ್ಕದಾಗಿ ಶುರುಮಾಡಿದ ಕೆಲಸ ಬೆಳೆದು ಹಾಗಾಯಿತು. ಸ್ಕೈರಿಮ್‌ನ ಮಾಡ್‌ಗಳು ಬಹುಪಾಲು ಅಲ್ಲಿಯೇ ಸಿಗುತ್ತವೆ, ಬಹುಪಾಲು ಪುಕ್ಕಟೆಯಾಗಿ.

ಇನ್ನು ಹಾಕುವ ಕ್ರಮಕ್ಕೆ ಬರೋಣ. ಮೊದಲು ಆಟ ಎಲ್ಲಿ ಕೂತಿದೆ ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿಗೆ ಕಾವಲು ಹೆಚ್ಚು. ಅಲ್ಲಿರುವ ಫೈಲುಗಳನ್ನು ಬೇರೆ ಪ್ರೋಗ್ರಾಂಗಳು ಮುಟ್ಟಲು ಹೋದರೆ ತಡೆಯುತ್ತದೆ. ಆಟವನ್ನು ಅದರ ಹೊರಗೆ, ಬೇರೆ ಫೋಲ್ಡರಿನಲ್ಲಿ ಇಡುವುದು ಒಳ್ಳೆಯದು. ಆಮೇಲೆ ಯಾವ ಮಾಡನ್ನೂ ಹಾಕದೆ ಒಂದು ಸಲ ಆಟವನ್ನು ತೆರೆದು ಮುಚ್ಚಬೇಕು. ಆಗ ಅದು ತನಗೆ ಬೇಕಾದ ಸೆಟ್ಟಿಂಗ್ ಫೈಲುಗಳನ್ನು ಬರೆದುಕೊಳ್ಳುತ್ತದೆ. ಬರಿಯ ಆಟ ನಿಮ್ಮ ಯಂತ್ರದಲ್ಲಿ ಸರಿಯಾಗಿ ನಡೆಯುತ್ತದೆಂಬುದೂ ಖಾತ್ರಿಯಾಗುತ್ತದೆ. ಈ ಎರಡನೆಯ ಲಾಭವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬುನಾದಿ ಸರಿಯಿದೆಯೆಂದು ತಿಳಿಯದೆ ಮೇಲಿನ ತಪ್ಪನ್ನು ಹುಡುಕುವುದು ಹೇಗೆ?

ಅನಂತರ ಸ್ಕ್ರಿಪ್ಟ್ ಎಕ್ಸ್‌ಟೆಂಡರ್. ಆಟದ ಸಲಕರಣೆ ಎಷ್ಟು ಬಾಗಿಲು ತೆರೆದುಕೊಟ್ಟಿದೆಯೋ ಅಷ್ಟರೊಳಗೆ ಮಾತ್ರ ಮಾಡ್ ಬರೆಯಬೇಕಾಗಿದ್ದರೆ ಇವತ್ತಿನ ಎಷ್ಟೋ ದೊಡ್ಡ ಮಾಡ್‌ಗಳು ಸಾಧ್ಯವಾಗುತ್ತಿರಲಿಲ್ಲ. ಆಟ ಓಡುತ್ತಿರುವಾಗಲೇ ಅದರ ಒಳಗಿಳಿದು ಹೊಸ ಬಾಗಿಲು ತೆರೆಯುವ ಈ ಪ್ರೋಗ್ರಾಂಗೆ ಎಸ್‌ಕೆಎಸ್‌ಇ ಅನ್ನುತ್ತಾರೆ, ವಿ.ಆರ್.ಗೆ ಬೇಕಾದ್ದು ಎಸ್‌ಕೆಎಸ್‌ಇ ವಿ.ಆರ್. ಇದರ ಫೈಲುಗಳನ್ನು ಆಟದ ಮುಖ್ಯ ಫೋಲ್ಡರಿನಲ್ಲಿ, ಆಟದ ಎಕ್ಸಿ ಫೈಲಿನ ಪಕ್ಕದಲ್ಲೇ ಬಿಚ್ಚಿಡಬೇಕು. ಅಂದಿನಿಂದ ಆಟವನ್ನು ಅದರ ಲೋಡರಿನಿಂದಲೇ ತೆರೆಯಬೇಕು. ಮಾಮೂಲಿ ಐಕಾನ್ ಒತ್ತಿದರೆ ಎಕ್ಸ್‌ಟೆಂಡರ್ ಜೊತೆಗೆ ಬರುವುದಿಲ್ಲ, ಅದನ್ನು ನಂಬಿಕೊಂಡ ಮಾಡ್‌ಗಳು ಏಳುವುದೂ ಇಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸ್ಕೈರಿಮ್‌ನ ಮಾಮೂಲಿ ಆವೃತ್ತಿಗೆಂದು ಬರೆದ ಮರದ ಚಿತ್ರ, ಬಟ್ಟೆ, ಮನೆ, ಕಥೆ ಇವೆಲ್ಲ ಸಾಧಾರಣವಾಗಿ ವಿ.ಆರ್.ನಲ್ಲೂ ಕೆಲಸಮಾಡುತ್ತವೆ. ಆದರೆ ಡಿಎಲ್‌ಎಲ್ ಫೈಲುಗಳಿರುವ ಮಾಡ್, ಎಂದರೆ ಎಕ್ಸ್‌ಟೆಂಡರಿನ ಮೂಲಕ ಆಟದ ಒಳಗಿಳಿಯುವ ಮಾಡ್, ವಿ.ಆರ್.ಗೂ ಆಗುತ್ತದೆಂದು ಬರೆದವರೇ ಹೇಳಿರಬೇಕು. ಹೇಳಿಲ್ಲವೆಂದರೆ ಹಾಕಬೇಡಿ. ಮೆನುಗಳ ಮಾಡ್‌ಗಳೂ ಹಾಗೆಯೇ: ಸ್ಕೈಯುಐ ಎಂಬ ಪ್ರಸಿದ್ಧ ಮಾಡಿಗೆ ವಿ.ಆರ್.ನದೇ ಪ್ರತ್ಯೇಕ ರೂಪವಿದೆ, ಅದನ್ನೇ ತೆಗೆದುಕೊಳ್ಳಬೇಕು. ಮಾಡ್‌ನ ಪುಟದಲ್ಲಿ ವಿವರಣೆಯನ್ನು ಕೊನೆಯವರೆಗೆ ಓದುವ ಅಭ್ಯಾಸವೊಂದಿದ್ದರೆ ಈ ಕೆಲಸದ ಅರ್ಧ ತೊಂದರೆ ಹತ್ತಿರ ಸುಳಿಯುವುದಿಲ್ಲ.

ಫೈಲುಗಳನ್ನು ಕೈಯಾರೆ ಆಟದ ಫೋಲ್ಡರಿಗೆ ಸುರಿಯುವ ಕಾಲ ಮುಗಿಯಿತು. ಈಗ ಮಾಡ್ ಮ್ಯಾನೇಜರುಗಳಿವೆ. ನೆಕ್ಸಸ್‌ನವರದೇ ವಾರ್ಟೆಕ್ಸ್ ಒಂದು, ಮಾಡ್ ಆರ್ಗನೈಸರ್ 2 ಇನ್ನೊಂದು. ನನ್ನ ಒಲವು ಎರಡನೆಯದರ ಕಡೆಗೆ. ಅದು ಪ್ರತಿ ಮಾಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಆಟ ತೆರೆಯುವ ಹೊತ್ತಿಗೆ ಎಲ್ಲ ಫೈಲುಗಳೂ ಆಟದ ಫೋಲ್ಡರಿನಲ್ಲೇ ಇರುವ ಹಾಗೆ ಆಟಕ್ಕೆ ತೋರಿಸುತ್ತದೆ. ನಿಜವಾದ ಫೋಲ್ಡರ್ ಶುದ್ಧವಾಗಿಯೇ ಉಳಿಯುತ್ತದೆ. ಒಂದು ಮಾಡ್ ಬೇಡವಾದರೆ ಅದರ ಮುಂದಿನ ಗುರುತು ತೆಗೆದರಾಯಿತು, ಆಟದ ಫೋಲ್ಡರಿನಲ್ಲಿ ಚೂರುಪಾರು ಉಳಿಯುವುದಿಲ್ಲ.

ಅದರ ಎಡಭಾಗದಲ್ಲಿ ಮಾಡ್‌ಗಳ ಸಾಲು, ಬಲಭಾಗದಲ್ಲಿ ಪ್ಲಗಿನ್‌ಗಳ, ಎಂದರೆ ಆಟದ ದಾಖಲೆಗಳನ್ನು ಬದಲಿಸುವ ಫೈಲುಗಳ, ಸಾಲು. ಹೊಸಬರು ತಬ್ಬಿಬ್ಬಾಗುವುದು ಇಲ್ಲಿಯೇ. ಎಡಗಡೆಯದು ಫೈಲುಗಳ ಜಗಳ ತೀರಿಸುವುದಕ್ಕೆ: ಎರಡು ಮಾಡ್‌ಗಳು ಒಂದೇ ಬಂಡೆಯ ಚಿತ್ರವನ್ನು ತಂದಿದ್ದರೆ ಸಾಲಿನಲ್ಲಿ ಕೆಳಗಿರುವುದು ಗೆಲ್ಲುತ್ತದೆ. ಬಲಗಡೆಯದು ಮಾಹಿತಿಯ ಜಗಳ ತೀರಿಸುವುದಕ್ಕೆ: ಒಂದು ಪ್ಲಗಿನ್ ಒಬ್ಬ ಅಂಗಡಿಯವನ ಅಂಗಿಯನ್ನು ಬದಲಿಸಿದೆ, ಇನ್ನೊಂದು ಅವನ ವ್ಯಾಪಾರದ ಹೊತ್ತನ್ನು ಬದಲಿಸಿದೆ ಎಂದುಕೊಳ್ಳಿ; ಅವನ ದಾಖಲೆ ಒಂದೇ ಆದ್ದರಿಂದ ಕೊನೆಗೆ ಬಂದ ಪ್ಲಗಿನ್‌ನ ಮಾತು ನಿಲ್ಲುತ್ತದೆ, ಮೊದಲಿನದು ಅಳಿಸಿಹೋಗುತ್ತದೆ. ಗೋಡೆಗೆ ಎಷ್ಟು ಬಣ್ಣ ಬಳಿದರೂ ಕಾಣುವುದು ಕೊನೆಯ ಕೋಟು ತಾನೇ? ಹಾಗೆ. ಲೂಟ್ ಎಂಬ ಪ್ರೋಗ್ರಾಂ ಪ್ಲಗಿನ್‌ಗಳನ್ನು ಒಂದು ಮಟ್ಟಕ್ಕೆ ಸಾಲಾಗಿ ನಿಲ್ಲಿಸಿಕೊಡುತ್ತದೆ. ಆದರೆ ನಿಮಗೆ ಯಾವ ಬಂಡೆ ಇಷ್ಟ, ಯಾವ ಅಂಗಿ ಇಷ್ಟ ಎಂಬುದು ಅದಕ್ಕೆ ಗೊತ್ತಿಲ್ಲ. ಆ ತೀರ್ಮಾನ ನಿಮ್ಮದೇ. ಎರಡು ಪ್ಲಗಿನ್‌ಗಳ ಮಾತೂ ಉಳಿಯಬೇಕೆಂದರೆ ಅವೆರಡನ್ನೂ ಕೂಡಿಸುವ ಚಿಕ್ಕ ಪ್ಯಾಚ್ ಬೇಕು. ಜನಪ್ರಿಯ ಮಾಡ್‌ಗಳಿಗೆ ಯಾರಾದರೂ ಅಂಥದನ್ನು ಬರೆದಿಟ್ಟಿರುತ್ತಾರೆ.

ಪ್ಲಗಿನ್‌ಗಳ ಸಂಖ್ಯೆಗೂ ಮಿತಿಯಿದೆ. ಆಟದ ಪ್ರತಿಯೊಂದು ವಸ್ತುವಿಗೂ ಗುರುತಿನ ಸಂಖ್ಯೆಯಿದ್ದು, ಅದರ ಮೊದಲ ಎರಡು ಅಂಕಿಗಳು ಆ ವಸ್ತು ಯಾವ ಪ್ಲಗಿನ್‌ನಿಂದ ಬಂತೆಂದು ಹೇಳುತ್ತವೆ. ಹದಿನಾರರ ಲೆಕ್ಕದ ಎರಡು ಅಂಕಿಗಳಲ್ಲಿ 256 ಸಂಖ್ಯೆಗಳು ಮಾತ್ರ ಹಿಡಿಯುತ್ತವೆ. ಅವುಗಳಲ್ಲಿ ಒಂದನ್ನು ಆಟ ತನಗೇ ಇಟ್ಟುಕೊಳ್ಳುತ್ತದೆ. ಉಳಿದದ್ದು 255, ಮೂಲ ಆಟದ ಫೈಲುಗಳೂ ಅದರೊಳಗೇ ಸೇರಬೇಕು. ಮಾಮೂಲಿ ಆವೃತ್ತಿಗೆ 2017ರಲ್ಲಿ ಬಂದ ಹಗುರ ಪ್ಲಗಿನ್‌ಗಳು ಒಂದೇ ಜಾಗ ಹಂಚಿಕೊಂಡು ಕೂರಬಲ್ಲವು. ವಿ.ಆರ್. ಆವೃತ್ತಿ ಹಳೆಯ ಬುಡದ ಮೇಲೆ ನಿಂತದ್ದರಿಂದ ಅದಕ್ಕೆ ಈ ಸೌಲಭ್ಯ ಇರಲಿಲ್ಲ. ವರ್ಷಗಟ್ಟಲೆ ಆಟಗಾರರು ಪ್ಲಗಿನ್‌ಗಳನ್ನು ಎಣಿಸಿ ಎಣಿಸಿ ಹಾಕಿದರು. ಕೊನೆಗೆ ಅದನ್ನೂ ಒಬ್ಬ ಮಾಡ್‌ಕಾರರೇ ಬಗೆಹರಿಸಿದರು. ಹಗುರ ಪ್ಲಗಿನ್‌ಗಳನ್ನು ವಿ.ಆರ್.ನಲ್ಲಿ ಓದಿಸುವ ಮಾಡ್ ಈಗ ಇದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ವಿ.ಆರ್. ಆಟಕ್ಕೆ ಮಾಡ್ ಆರಿಸುವಾಗ ಕಣ್ಣಿಗಿಂತ ಮೊದಲು ಮೈಯನ್ನು ಕೇಳಬೇಕು. ಪರದೆಯ ಆಟದಲ್ಲಿ ಒಂದು ಮಾಡ್ ಭಾರವಾದರೆ ಚಿತ್ರ ಸ್ವಲ್ಪ ತಡವರಿಸುತ್ತದೆ, ಅಷ್ಟೆ. ಹೆಡ್‌ಸೆಟ್‌ನಲ್ಲಿ ಹಾಗಲ್ಲ. ಈ ಆಟ ಬಂದ ಕಾಲದ ವೈವ್, ರಿಫ್ಟ್ ಹೆಡ್‌ಸೆಟ್ಟುಗಳು ಸೆಕೆಂಡಿಗೆ 90 ಚಿತ್ರ ಕೇಳುತ್ತವೆ. ಎಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 11 ಮಿಲಿಸೆಕೆಂಡ್. ಅಷ್ಟರಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು, ಎರಡು ಚಿತ್ರ ಸಿದ್ಧವಾಗಬೇಕು. ತಪ್ಪಿದರೆ ಹೆಡ್‌ಸೆಟ್‌ನ ತಂತ್ರಾಂಶ ಹಳೆಯ ಚಿತ್ರವನ್ನೇ ಸರಿಸಿ ತೋರಿಸಿ ಹೇಗೋ ಸಂಭಾಳಿಸುತ್ತದೆ. ಆಗ ಬೀಸುವ ಕೈಯ ಅಂಚು ನಡುಗುತ್ತದೆ. ಅದೂ ಸಾಲದಾದಾಗ ತಲೆ ತಿರುಗಿಸಿದ್ದು ಒಂದು ಕ್ಷಣಕ್ಕೆ, ಲೋಕ ತಿರುಗಿದ್ದು ಮತ್ತೊಂದು ಕ್ಷಣಕ್ಕೆ. ಒಳಕಿವಿ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ಹೊಂದಿಕೆ ತಪ್ಪಿ ಹೊಟ್ಟೆ ತೊಳಸುತ್ತದೆ, ಹಣೆ ಬೆವರುತ್ತದೆ. ಆಮೇಲೆ ಆ ಆಟದ ಹೆಸರೆತ್ತಿದರೆ ಸಾಕು, ಬೇಡವೆನಿಸುತ್ತದೆ.

ಇದನ್ನು ಅರಿತವರು ಹುಲ್ಲಿನ ಮಾಡ್‌ಗೆ ಹೆದರುತ್ತಾರೆ. ಚಿತ್ರದಲ್ಲಿ ನೋಡಿದರೆ ಮೊಣಕಾಲಿನವರೆಗೆ ಬೆಳೆದ ಹುಲ್ಲುಗಾವಲಿಗಿಂತ ಚೆಲುವಾದದ್ದಿಲ್ಲ, ಆದರೆ ಎಸಳೆಸಳನ್ನೂ ಎರಡೆರಡು ಸಲ ಬರೆಯುವ ಶ್ರಮ ಗ್ರಾಫಿಕ್ಸ್ ಕಾರ್ಡಿನದು. ಗೋಡೆ, ನೆಲ, ಬೆಟ್ಟಗಳ ಚಿತ್ರಗಳೂ ಹೀಗೆಯೇ. 4096 ಅಳತೆಯದರ ಬದಲು 2048ರದನ್ನು ತೆಗೆದುಕೊಂಡರೆ ಅದು ಹಿಡಿಯುವ ಜಾಗ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ದೂರದ ಬೆಟ್ಟದಲ್ಲಿ ಈ ವ್ಯತ್ಯಾಸವನ್ನು ಹೆಡ್‌ಸೆಟ್ ತೋರಿಸಲಾರದು. ಹಾಗಂತ ಎಲ್ಲದರಲ್ಲೂ ಜಿಪುಣತನ ಬೇಡ. ವಿ.ಆರ್.ನಲ್ಲಿ ನಾವು ಕತ್ತಿಯ ಹಿಡಿಯನ್ನು ಕಣ್ಣ ಹತ್ತಿರ ತಂದು ನೋಡುತ್ತೇವೆ, ಪುಸ್ತಕವನ್ನು ಬಗ್ಗಿ ಓದುತ್ತೇವೆ. ಕೈಗೆಟಕುವ ವಸ್ತುಗಳಿಗೆ ಒಳ್ಳೆಯ ಚಿತ್ರ ಹಾಕಿ, ಕೈಗೆಟಕದ್ದಕ್ಕೆ ಸಾಧಾರಣದ್ದು ಸಾಕು.

ಮೈಯನ್ನು ಕೇಳುವುದು ಅಂದೆನಲ್ಲ, ಅದಕ್ಕೆ ನೇರವಾಗಿ ಉತ್ತರ ಕೊಟ್ಟ ಮೂರು ಮಾಡ್‌ಗಳಿವೆ. ಮೊದಲನೆಯದು ವಿಆರ್‌ಐಕೆ. ಇದು ಆಟಗಾರನಿಗೆ ಪೂರ್ತಿ ಮೈ ಕೊಡುತ್ತದೆ. ಯಂತ್ರಕ್ಕೆ ಗೊತ್ತಿರುವುದು ನಿಮ್ಮ ತಲೆ ಎಲ್ಲಿದೆ, ಎರಡು ಕೈ ಎಲ್ಲಿವೆ ಎಂಬ ಮೂರು ಸಂಗತಿ ಮಾತ್ರ. ಅಷ್ಟರಿಂದ ಮೊಣಕೈ ಎಷ್ಟು ಮಡಿಸಿರಬೇಕು, ಸೊಂಟ ಎತ್ತ ತಿರುಗಿರಬೇಕು, ಕಾಲು ಎಲ್ಲಿ ಊರಿರಬೇಕು ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಸೊಂಟಕ್ಕೆ ಕೈಯಿಟ್ಟರೆ ಕತ್ತಿ ಸಿಗುತ್ತದೆ, ಬೆನ್ನ ಹಿಂದೆ ಕೈ ಹಾಕಿದರೆ ಬಿಲ್ಲು ಸಿಗುತ್ತದೆ. ಹಾಕಿದ ಮೇಲೆ ನೆಟ್ಟಗೆ ನಿಂತು ನಿಮ್ಮ ಎತ್ತರವನ್ನು ಅದಕ್ಕೆ ತಿಳಿಸುವುದನ್ನು ಮಾತ್ರ ಮರೆಯಬೇಡಿ. ಎತ್ತರ ತಪ್ಪಿದರೆ ಮೊಣಕಾಲು ಸದಾ ಬಗ್ಗಿಯೇ ಇರುತ್ತದೆ.

ಎರಡನೆಯದು ಹಿಗ್ಸ್. ಬೆರಳು ವಸ್ತುವಿನ ಆಕಾರಕ್ಕೆ ತಕ್ಕ ಹಾಗೆ ಸುತ್ತಿ ಹಿಡಿಯುವುದು, ಹಿಡಿದದ್ದನ್ನು ಎಸೆಯುವುದು, ದೂರದ ವಸ್ತುವನ್ನು ಮಣಿಕಟ್ಟು ಜಗ್ಗಿ ಹತ್ತಿರ ಎಳೆದುಕೊಳ್ಳುವುದು, ಎಲ್ಲವೂ ಇದರಿಂದ. ಈ ಎಳೆದುಕೊಳ್ಳುವ ಉಪಾಯ ವಾಲ್ವ್ ಕಂಪನಿ 2020ರ ಮಾರ್ಚ್‌ನಲ್ಲಿ ತಂದ ಹಾಫ್ ಲೈಫ್ ಆಲಿಕ್ಸ್ ಆಟದ ಗುರುತ್ವದ ಕೈಗವಸಿನದು. ಬೇರೆ ಕಂಪನಿ ಬೇರೆ ಆಟಕ್ಕೆ ಕಂಡುಹಿಡಿದ ಚಲನೆಯನ್ನು ಆಟಗಾರರು 2011ರ ಲೋಕಕ್ಕೆ ಹೊತ್ತು ತಂದರು. ಮೂರನೆಯದು ಪ್ಲ್ಯಾಂಕ್, ಹಿಗ್ಸ್ ಬರೆದವರದೇ. ಇದು ಎದುರಿನವರ ಮೈಗೆ ತೂಕ ಕೊಡುತ್ತದೆ. ಭುಜ ಮುಟ್ಟಿದರೆ ಅವರು ತಿರುಗುತ್ತಾರೆ, ನೂಕಿದರೆ ಹಿಂದೆ ಸರಿಯುತ್ತಾರೆ, ಏಟು ಬಿದ್ದ ಕಡೆ ಮೈ ಜಗ್ಗುತ್ತದೆ. ಈ ಮೂರನ್ನು ಹಾಕಿ, ಒಂದು ಹಳ್ಳಿಯ ಬೀದಿಯಲ್ಲಿ ಅಡ್ಡಾಡಿ ನೋಡಿ. ಲೋಕವನ್ನು ಇನ್ನಷ್ಟು ಚಂದಗೊಳಿಸುವ ನೂರು ಮಾಡ್‌ಗಳಿಗಿಂತ ಇವು ದೊಡ್ಡವೆಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಇಷ್ಟೆಲ್ಲ ಒಂದೊಂದಾಗಿ ಹಾಕುವ ಸಹನೆ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ವಾಬಾಜ್ಯಾಕ್ ಎಂಬ ಪ್ರೋಗ್ರಾಂ ಇದೆ. ಯಾರೋ ಹೊಂದಿಸಿಟ್ಟ ಮಾಡ್‌ಗಳ ಪೂರ್ತಿ ಪಟ್ಟಿಯನ್ನು ಅದು ನಿಮ್ಮ ಯಂತ್ರದಲ್ಲಿ ಇದ್ದ ಹಾಗೆಯೇ ಕಟ್ಟಿಕೊಡುತ್ತದೆ. ಮಾಡ್‌ಗಳನ್ನು ತಾನೇ ಹಂಚುವುದಿಲ್ಲ, ಪ್ರತಿಯೊಂದನ್ನೂ ಅದರ ಮೂಲ ಜಾಗದಿಂದಲೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ಬರೆದವರಿಗೆ ಅನ್ಯಾಯವಾಗುವುದಿಲ್ಲ. ಸ್ಕೈರಿಮ್ ವಿ.ಆರ್.ಗೆ ಫುಸ್ ಎಂಬ ಪಟ್ಟಿ ಹೆಸರುವಾಸಿ. ಹೊಸಬರು ಅಲ್ಲಿಂದ ಆರಂಭಿಸುವುದು ತಪ್ಪಲ್ಲ. ಆದರೆ ಬೇರೆಯವರು ಕಟ್ಟಿದ ಪಟ್ಟಿಗೆ ನಡುವೆ ನಿಮ್ಮದೊಂದು ಮಾಡ್ ತುರುಕಿದರೆ ಅದರ ಪರಿಣಾಮವನ್ನು ನೀವೇ ಹೊರಬೇಕಾಗುತ್ತದೆ. ಕನಿಷ್ಠ ಒಂದು ಸಲವಾದರೂ ಹತ್ತು ಹದಿನೈದು ಮಾಡ್‌ಗಳನ್ನು ನೀವೇ ಜೋಡಿಸಿ ನೋಡಿರಿ ಎಂಬುದು ನನ್ನ ಕೋರಿಕೆ. ಆಗಲೇ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ತಿಳಿಯುವುದು.

ಮಾಡ್ ಬರೆಯುವವರ ಹಕ್ಕಿನ ವಿಷಯವನ್ನೂ ಎತ್ತಬೇಕು. 2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಸೇರಿ ಸ್ಕೈರಿಮ್‌ನ ಮಾಡ್‌ಗಳನ್ನು ದುಡ್ಡಿಗೆ ಮಾರುವ ಏರ್ಪಾಟು ಮಾಡಿದವು. ಬರೆದವರಿಗೆ ಸಿಗುವ ಪಾಲು ನೂರಕ್ಕೆ 25. ಆಟಗಾರರು ಎಷ್ಟು ಸಿಟ್ಟಾದರೆಂದರೆ ವಾರ ತುಂಬುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2021ರಲ್ಲಿ ನೆಕ್ಸಸ್, ಒಮ್ಮೆ ಏರಿಸಿದ ಫೈಲನ್ನು ಇನ್ನುಮುಂದೆ ಪೂರ್ತಿ ಅಳಿಸುವಂತಿಲ್ಲ ಎಂದಿತು. ಒಪ್ಪದ ಕೆಲವು ಮಾಡ್‌ಕಾರರು ತಮ್ಮ ಕೆಲಸವನ್ನೆಲ್ಲ ತೆಗೆದುಕೊಂಡು ಹೊರಟುಹೋದರು. ಫೈಲೊಂದು ಅಳಿದು, ಅದನ್ನು ನಂಬಿದ ಪಟ್ಟಿಗಳು ಮುರಿಯಬಾರದೆಂಬ ಆಟಗಾರರ ಆಸೆ ನ್ಯಾಯವಾದದ್ದೇ. ಆದರೂ ಸಂಬಳವಿಲ್ಲದೆ ರಾತ್ರಿ ಕೂತು ಬರೆದವರಿಗೆ ತಮ್ಮ ಬರಹದ ಮೇಲೆ ಕೊನೆಯ ಮಾತು ಇರಬೇಕೆಂದೇ ನನ್ನ ಮನಸ್ಸು ಹೇಳುತ್ತದೆ.

ಸುರಕ್ಷೆಯ ಮಾತು ಚಿಕ್ಕದು. ಡಿಎಲ್‌ಎಲ್ ಇರುವ ಮಾಡ್ ಅಂದರೆ ನಿಮ್ಮ ಯಂತ್ರದಲ್ಲಿ ಓಡುವ ಪ್ರೋಗ್ರಾಂ. ಆಟಕ್ಕೆ ಏನೇನು ಮುಟ್ಟುವ ಅಧಿಕಾರವಿದೆಯೋ ಅದಕ್ಕೂ ಅಷ್ಟೇ ಇದೆ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಟದ ಮಾಡ್‌ಗಳೊಳಗೆ ದುಷ್ಟ ತಂತ್ರಾಂಶ ಹೊಕ್ಕು ಹರಡಿತ್ತು. ಹೆಸರಾದ ಭಂಡಾರದಿಂದ, ಬರೆದವರದೇ ಪುಟದಿಂದ ಇಳಿಸಿಕೊಳ್ಳಿ. ಮನೆಯ ಮಕ್ಕಳು ಹಾಕುತ್ತಿದ್ದರೆ ಪಕ್ಕದಲ್ಲಿ ಕೂತು ಎಲ್ಲಿಂದ ಇಳಿಸುತ್ತಿದ್ದಾರೆಂದು ನೋಡಿ.

ಇನ್ನು ಸೇವ್ ಫೈಲಿನ ವಿಷಯ. ಸ್ಕ್ರಿಪ್ಟ್, ಎಂದರೆ ಆಟದೊಳಗೆ ಓಡುವ ಆಜ್ಞೆಗಳು, ಇರುವ ಮಾಡ್ ಒಮ್ಮೆ ಓಡಿದರೆ ಅದರ ಸ್ಥಿತಿಗತಿ ನಿಮ್ಮ ಸೇವ್‌ನೊಳಗೆ ಬರೆಯಲ್ಪಡುತ್ತದೆ. ಆಟದ ನಡುವೆ ಅದನ್ನು ಕಿತ್ತರೆ ಬೇರು ಸೇವ್‌ನಲ್ಲೇ ಉಳಿದು, ಎಷ್ಟೋ ದಿನ ಬಿಟ್ಟು ತೊಂದರೆ ತಲೆಯೆತ್ತಬಹುದು. ಚಿತ್ರ, ಧ್ವನಿಗಳ ಮಾಡ್‌ಗಳಿಗೆ ಈ ಭಯವಿಲ್ಲ, ಬೇಕಾದಾಗ ತೆಗೆಯಬಹುದು. ಅದಕ್ಕೇ ಮೊದಲು ಮಾಡ್‌ಗಳನ್ನು ನಿಶ್ಚಯಿಸಿಕೊಂಡು, ಪರೀಕ್ಷೆಗೆಂದೇ ಒಂದು ಆಟ ಶುರುಮಾಡಿ, ಎಲ್ಲವೂ ಸರಿಯೆನಿಸಿದ ಮೇಲೆ ನಿಜವಾದ ಆಟವನ್ನು ಹೊಸದಾಗಿ ಆರಂಭಿಸಬೇಕು.

ಇಷ್ಟಾದರೂ ಒಂದಲ್ಲ ಒಂದು ದಿನ ಆಟ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತದೆ. ಆಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಲು ಹೋಗಬೇಡಿ. ಕ್ರ್ಯಾಶ್ ಲಾಗರ್ ಎಂಬ ಮಾಡ್ ಮೊದಲೇ ಹಾಕಿದ್ದರೆ, ಬೀಳುವ ಹೊತ್ತಿಗೆ ಆಟ ಏನು ಮಾಡುತ್ತಿತ್ತೆಂದು ಅದು ಬರೆದಿಟ್ಟಿರುತ್ತದೆ; ಹಲವು ಸಲ ತಪ್ಪಿತಸ್ಥ ಮಾಡ್‌ನ ಹೆಸರೇ ಅದರಲ್ಲಿ ಸಿಗುತ್ತದೆ. ಸಿಗದಿದ್ದರೆ ಪರೀಕ್ಷೆಯ ಆಟದಲ್ಲಿ ಅರ್ಧ ಮಾಡ್‌ಗಳ ಗುರುತು ತೆಗೆದು ನೋಡಿ. ತೊಂದರೆ ಹೋಯಿತೆಂದರೆ ಅದು ತೆಗೆದ ಅರ್ಧದಲ್ಲಿದೆ, ಉಳಿಯಿತೆಂದರೆ ಇರುವ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 64 ಮಾಡ್‌ಗಳಿದ್ದರೂ ಆರು ಸಲಕ್ಕೆ ಒಂದೇ ಉಳಿಯುತ್ತದೆ. ಒಂದನ್ನೊಂದು ಅವಲಂಬಿಸಿದ ಮಾಡ್‌ಗಳನ್ನು ಮಾತ್ರ ಬೇರ್ಪಡಿಸಬಾರದು, ಜೊತೆಯಾಗಿಯೇ ತೆಗೆಯಬೇಕು, ಜೊತೆಯಾಗಿಯೇ ಹಾಕಬೇಕು.

ಮಾಡ್ ಸಿಕ್ಕಿತು, ತಪ್ಪು ಅದರದೇ ಎಂದು ಖಾತ್ರಿಯಾಯಿತು ಎನ್ನಿ. ಆಗ ಬರೆದವರಿಗೆ ತಿಳಿಸಿ. ಬರಿಯ ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲು ಅವರಿಗೆ ಯಾವ ಸಹಾಯವನ್ನೂ ಮಾಡದು. ಮಾಡ್‌ನ ಯಾವ ಆವೃತ್ತಿ, ಎಕ್ಸ್‌ಟೆಂಡರಿನ ಯಾವ ಆವೃತ್ತಿ, ಯಾವ ಹೆಡ್‌ಸೆಟ್, ಆಟದಲ್ಲಿ ಎಲ್ಲಿ ನಿಂತು ಏನು ಮಾಡಿದಾಗ ಹೀಗಾಯಿತು ಎಂದು ಬರೆದು, ಲಾಗ್ ಫೈಲನ್ನೂ ಪ್ಲಗಿನ್‌ಗಳ ಸಾಲನ್ನೂ ಲಗತ್ತಿಸಿ ಕಳಿಸಿ. ಅದು ಸರಿಹೋದರೆ ಸರಿಹೋಯಿತೆಂದು ಮತ್ತೊಂದು ಸಾಲು ಬರೆಯಿರಿ. ಅದೇ ತೊಂದರೆ ಇರುವ ಇನ್ನೊಬ್ಬರು ಮುಂದೆ ಅದನ್ನು ಹುಡುಕಿಕೊಂಡು ಬರುತ್ತಾರೆ.